ಬಹುಮಾನ ಫಲಕಕ್ಕೋ, ಫೋಟೋಗೋ?

ಪುಣೆಯಲ್ಲಿ ಪಾರಂಪರಿಕ ತಾಣಗಳ ವಿವರಣಾ ಫಲಕ ಬರೆಯುವುದು ನನ್ನ ಕಸುಬು. ಪ್ರಶಸ್ತಿಗೆ ಅರ್ಜಿ ಹಾಕುವ ಕಾಲ ಬಂತೆಂದರೆ ಕಚೇರಿಯಲ್ಲಿ ಡ್ರೋನ್ ಚಿತ್ರ, ಇಂಗ್ಲಿಷ್ ಪಿಡಿಎಫ್‌ಗಳದ್ದೇ ಸಂಭ್ರಮ. ಓದಿದವರಿಗೆ ಏನು ತಿಳಿಯಿತೆಂದು ಯಾರೂ ಕೇಳುವುದಿಲ್ಲ.

ಬರೀ ಮಾಹಿತಿ ವಿವರಣೆಯಲ್ಲವೆಂದು ಫ್ರೀಮನ್ ಟಿಲ್ಡನ್ 1957ರಲ್ಲೇ ಬರೆದರು. ಭೇಟಿಗಾರರ ಭಾಷಾ ವೈವಿಧ್ಯ ಫಲಕಗಳಲ್ಲೂ ಕಾಣಬೇಕೆಂದು ಇಕೊಮೊಸ್‌ನ 2008ರ ಸನ್ನದು ಹೇಳುತ್ತದೆ. ಎಲ್ಲೋರದ ಕೈಲಾಸ ಕೊರೆಸಿದ ರಾಷ್ಟ್ರಕೂಟರು ಮುಂದೆ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದರು. ಈ ನಂಟನ್ನು ಮರಾಠಿ ಮಗುವಿಗೆ ಮರಾಠಿಯಲ್ಲಿ, ಕಲಬುರಗಿಯ ಮಗುವಿಗೆ ಕನ್ನಡದಲ್ಲಿ ಮುಟ್ಟಿಸಿದರೆ ಅದು ವಿವರಣೆ.

ಅರ್ಜಿಯೇ ಬೇಡ ಎನ್ನುತ್ತಿಲ್ಲ. ಪ್ರಶಸ್ತಿ ಬಂದರೆ ಮುಂದಿನ ಕೆಲಸ ಸಿಗುತ್ತದೆ, ಗೊತ್ತು. ಆದರೆ ತೀರ್ಪುಗಾರರೇ, ಒಂದು ದಿನ ಪಿಡಿಎಫ್ ಮುಚ್ಚಿಟ್ಟು ಫಲಕದ ಪಕ್ಕ ನಿಲ್ಲಿ. ಜನ ಓದುತ್ತಾರೋ, ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಾರೋ ನೋಡಿ. ಆಮೇಲೆ ಅಂಕ ಕೊಡಿ.