ದರ್ಭೆ ಮತ್ತು ಕೆಂಪು ಚಂದ್ರ

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬ ಕೇಳಿದ: "ಸಾರ್, 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಅಮ್ಮ ನೀರಿಗೆ ದರ್ಭೆ ಹಾಕಿದರು. ನಾನು ಸುಮ್ಮನಿದ್ದೆ. ಕಲಿತ ವಿಜ್ಞಾನಕ್ಕೆ ಇದು ದ್ರೋಹವಲ್ಲವೇ?"

ಆ ರಾತ್ರಿ ಚಂದ್ರ ಕಪ್ಪಾಗದೆ ಕೆಂಪಾದದ್ದೇಕೆಂದು ಕೇಳಿದೆ. ಭೂಮಿಯ ವಾಯುಮಂಡಲ ಸೂರ್ಯನ ಬೆಳಕನ್ನು ಬಾಗಿಸಿ, ನೀಲಿಯನ್ನು ಚದುರಿಸಿ, ಕೆಂಪನ್ನು ಚಂದ್ರನತ್ತ ಕಳಿಸುತ್ತದೆಂದ. ಸರಿ, ನೀಲಿಯೇ ಹೆಚ್ಚು ಚದುರುವುದೇಕೆ? "ನೋಟ್ಸಿನಲ್ಲಿ ಸೂತ್ರವಿದೆ ಸಾರ್."

ಅಮ್ಮನೂ ಶಾಸ್ತ್ರದಲ್ಲಿದೆ ಎಂದೇ ಹೇಳಿಯಾರು! ಅವರೆದುರಿನ ಮೌನಕ್ಕಿಂತ ತರಗತಿಯ ಮೌನವೇ ನನಗೆ ದೊಡ್ಡ ದ್ರೋಹವಾಗಿ ಕಾಣುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದರು. ನಮ್ಮ ನೋಟ್ಸುಗಳಿಗೂ ಅಂಥದೊಂದು ಬೇಕಿತ್ತು. ಆಕಾಶ ನೀಲಿಯೇಕೆಂಬ ಉತ್ತರವನ್ನು ನಾನೂ ಮೂವತ್ತು ವರ್ಷ ಬರೆಸಿದವನೇ. ಇವನ ತರಗತಿಯಲ್ಲೂ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹಾಕಲು ನಾನು ಬಿಡಲೂ ಇಲ್ಲ.