ಬೆಂಕಿ ಗಾಡಿ ಬರೋ ತನಕ

ಶಿವರಾತ್ರಿ ಆದ್ಮೇಲೆ ನಮ್ಮ ರಾಗಿ ಹುಲ್ಲಿನ ಬಣವೆ ಸುಟ್ಟಿದ್ದು ನಿಮಗೆಲ್ಲ ಗೊತ್ತು. ಗಾಳಿಗೆ ಮೇಲಿನ ಕರೆಂಟ್ ತಂತಿ ಒಂದಕ್ಕೊಂದು ತಾಗಿ ಕಿಡಿ ಬಿತ್ತು. ವರ್ಷದ ಮೇವು ಹೋಯ್ತು. ಫೈರ್ ಇಂಜಿನ್ ಬರೋಕೆ 40 ನಿಮಿಷ ಆಯ್ತು ಅಂತ ಅವತ್ತು ಎಲ್ಲರ ಜೊತೆ ನಾನೂ ಬೈದೆ. ಈಗ ಯೋಚಿಸಿದ್ರೆ ಅದರಲ್ಲಿ 10 ನಿಮಿಷ ನನ್ನ ಲೆಕ್ಕಕ್ಕೇ ಸೇರಬೇಕು. ಬೇಲಿಗೆ ಅಂತ ತರಿಸಿದ್ದ ಕಲ್ಲುಕಂಬನ ಓಣಿ ತಿರುವಿನಲ್ಲಿ ಇಳಿಸಿಕೊಂಡಿದ್ದು ನಾನೇ. ಗಾಡಿ ಅಲ್ಲೇ ನಿಂತುಬಿಡ್ತು. ಕಂಬ ಎತ್ತಿ ಪಕ್ಕಕ್ಕೆ ಹಾಕೋ ಹೊತ್ತಿಗೆ ಬಣವೆ ಉರಿದು ಮುಗಿದಿತ್ತು.

ಸ್ಟೇಷನ್ ಇರೋದು ತಾಲ್ಲೂಕು ಪಟ್ಟಣದಲ್ಲಿ. ಎಷ್ಟು ಜೋರಾಗಿ ಬಂದ್ರೂ ದೂರ ಕಮ್ಮಿ ಆಗಲ್ಲ. ಹೋಬಳಿಗೊಂದು ಗಾಡಿ ಕೊಡಿ ಅಂತ ನಾವು ಕೇಳಲೇಬೇಕು. ಆದ್ರೆ ಮೊದಲ ಅರ್ಧ ಗಂಟೆ ನೋಡ್ಕೋಬೇಕಾದವರು ನಾವೇ.

ತಂತಿ ಕೆಳಗೆ ಬಣವೆ ಒಟ್ಟಬೇಡಿ, ಕೊಟ್ಟಿಗೆ ಪಕ್ಕಾನೂ ಬೇಡ. ಇರೋ ಹುಲ್ಲನ್ನ ಎರಡು ಬಣವೆ ಮಾಡಿ ದೂರ ದೂರ ಹಾಕಿ, ಒಂದು ಹೋದ್ರೂ ಇನ್ನೊಂದು ಉಳಿಯುತ್ತೆ. ಬೋರ್‌ವೆಲ್ ನಂಬಬೇಡಿ. ಬೆಂಕಿ ಬಿದ್ದ ತಕ್ಷಣ ಫೋನ್ ಮಾಡಿ ಲೈನ್ ತೆಗೆಸ್ತೀವಿ, ಆಮೇಲೆ ಮೋಟ್ರು ಎಲ್ಲಿ ಓಡುತ್ತೆ? ಮಳೆ ಬರೋ ತನಕ ತೊಟ್ಟಿ, ಡ್ರಮ್ಮು ತುಂಬಿರಲಿ. ಕೊಟ್ಟಿಗೇಲಿ ಒಂದು ಕುಡುಗೋಲು ಸಿಕ್ಕಿಸಿಡಿ. ಅವತ್ತು ಹಸುಗಳು ಗಾಬರಿಯಿಂದ ಎಳೆದು ಎಳೆದು ಹಗ್ಗದ ಗಂಟು ಬಿಗಿದುಕೊಂಡಿತ್ತು, ಬಿಚ್ಚೋಕೆ ಆಗಲಿಲ್ಲ. ನಮ್ಮ ಮನೆಯವಳು ಓಡಿಬಂದು ಕುಯ್ದಿದ್ದಕ್ಕೆ ಎರಡೂ ಉಳಿದವು.

ಮನೆ ಒಳಗೆ ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬೇಡ, ಆರಿಸೋದೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ಬಾಗಿಲು ತೆಗೀರಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ರಾನೇ ನಿಲ್ಲುತ್ತೆ. ಕರೆಂಟಿನ ಬೆಂಕಿಗೆ ನೀರು ಸುರೀಬೇಡಿ, ಮೊದಲು ಮೇನ್ ಆಫ್ ಮಾಡಿ.

ಬೆಂಕಿಗೆ 101 ಇಲ್ಲಾ 112, ಗ್ಯಾಸ್ ಸೋರಿದ್ರೆ 1906, ಕರೆಂಟಿಗೆ 1912. ಇಷ್ಟನ್ನ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಫೋನ್ ಮಾಡಿದಾಗ ಊರಿನ ಜೊತೆ ಹೋಬಳಿ ಹೆಸರೂ ಹೇಳಿ, ಒಂದೇ ಹೆಸರಿನ ಊರು ಎರಡು ಮೂರು ಇರ್ತವೆ. ಒಬ್ಬ ಹುಡುಗನ್ನ ಬೈಕ್ ಕೊಟ್ಟು ಮೇನ್ ರೋಡಿಗೆ ಕಳಿಸಿ, ದಾರಿ ತೋರಿಸಲಿ.

ನಾನು ಕಲ್ಲುಕಂಬ ಎತ್ತಿಸಿದೀನಿ. ನಿಮ್ಮ ಓಣೀಲಿ ಟ್ರೈಲರ್, ಜಲ್ಲಿ, ಮರಳು ಗುಡ್ಡೆ ಇದ್ರೆ ಈ ವಾರಾನೇ ತೆಗೀರಿ. ಆ ದಾರೀಲಿ ಗಾಡಿ ಹೋಗಬೇಕಾಗಿರೋದು ಪಕ್ಕದವರ ಮನೆಗೂ ಇರಬಹುದು.