ಸೆನ್ಸರ್ ಬದಲಾಯಿಸುವ ಮುನ್ನ

ವಿದ್ಯುತ್ ಕಾರು ಕೊಂಡ ವರ್ತಕರ ಲೆಕ್ಕಪುಸ್ತಕಗಳಲ್ಲಿ ದುರಸ್ತಿ ವೆಚ್ಚದ ಸ್ವರೂಪವೇ ಬದಲಾಗಿದೆ. ಎಂಜಿನ್ ಆಯಿಲ್, ಕ್ಲಚ್ ಪ್ಲೇಟ್ ಮೊದಲಾದ ಬಾಬುಗಳು ಮರೆಯಾಗಿ, ಸೆನ್ಸರ್, ಮಾಡ್ಯೂಲ್ ಎಂಬ ಹೆಸರುಗಳು ಬಿಲ್ಲಿನಲ್ಲಿ ಕಾಣಿಸಿಕೊಳ್ಳತೊಡಗಿವೆ. ಒಂದು ಬಿಡಿಭಾಗ ಬದಲಾಯಿಸಿದ ಮೇಲೂ ಎಚ್ಚರಿಕೆಯ ದೀಪ ಆರದಿದ್ದರೆ ಮತ್ತೊಂದನ್ನು ಬದಲಾಯಿಸಲಾಗುತ್ತದೆ. ಈ ಊಹೆಯ ವೆಚ್ಚವನ್ನು ಗ್ರಾಹಕನೇ ಭರಿಸಬೇಕಾಗಿರುವುದು ವಿಷಾದನೀಯ.

ಸ್ಥಿರತಾ ನಿಯಂತ್ರಣ ವ್ಯವಸ್ಥೆ, ಅರ್ಥಾತ್ ಇಎಸ್‌ಸಿ, ಇದಕ್ಕೆ ಉತ್ತಮ ನಿದರ್ಶನ. 1995ರಲ್ಲಿ ಬಾಷ್ ಸಂಸ್ಥೆಯ ತಂತ್ರಜ್ಞಾನದೊಡನೆ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಬಂದ ಈ ವ್ಯವಸ್ಥೆಯು ನಾಲ್ಕು ಚಕ್ರಗಳ ವೇಗ, ಸ್ಟೀರಿಂಗ್ ತಿರುಗಿದ ಕೋನ ಹಾಗೂ ಕಾರು ವಾಸ್ತವವಾಗಿ ಹೊರಳುತ್ತಿರುವ ಪ್ರಮಾಣವನ್ನು ಸತತವಾಗಿ ಹೋಲಿಸುತ್ತದೆ. ಚಾಲಕನ ಉದ್ದೇಶಕ್ಕೂ ಕಾರಿನ ಚಲನೆಗೂ ವ್ಯತ್ಯಾಸ ಕಂಡರೆ ತಕ್ಕ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ವಿದ್ಯುತ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟಾರಿನಿಂದ ಬ್ಯಾಟರಿಗೆ ವಿದ್ಯುತ್ ಮರಳುವ ಕ್ರಿಯೆಯೂ ಇದರೊಂದಿಗೆ ಹೊಂದಿಕೊಂಡಿರುತ್ತದೆ. ಆದ್ದರಿಂದ ದೋಷ ಕಂಡಾಗ ಅನೇಕ ಮಾದರಿಗಳು ಆ ಮರುಗಳಿಕೆಯನ್ನು ಕಡಿತಗೊಳಿಸುತ್ತವೆ. ‘ದೀಪ ಉರಿದರೇನು, ಕಾರು ಓಡುತ್ತಿದೆಯಲ್ಲ’ ಎನ್ನುವವರು ಸುರಕ್ಷತೆಯೊಂದಿಗೆ ಒಂದು ಚಾರ್ಜಿಗೆ ದೊರೆಯುವ ಕಿಲೋಮೀಟರುಗಳನ್ನೂ ಕಳೆದುಕೊಳ್ಳುತ್ತಾರೆ.

ಸ್ಕ್ಯಾನರ್ ತೋರಿಸುವ ಸಂಕೇತವನ್ನು ತೀರ್ಪೆಂದು ಭಾವಿಸುವುದೇ ಮೂಲ ತಪ್ಪು. ಸಿ0035 ಎಂಬ ಸಂಕೇತವು ಎಡ ಮುಂಚಕ್ರದ ವೇಗ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆಯೆನ್ನುತ್ತದೆ, ಸೆನ್ಸರೇ ಕೆಟ್ಟಿದೆಯೆನ್ನುವುದಿಲ್ಲ. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊತ್ತ ತಿಳಿಯುತ್ತದೆಯೇ ಹೊರತು ತಪ್ಪಾದ ವೋಚರ್ ಯಾವುದೆಂದು ತಿಳಿಯುವುದಿಲ್ಲವಷ್ಟೆ. ಸರ್ಕ್ಯೂಟೆಂದರೆ ಸೆನ್ಸರ್, ತಂತಿ, ಕನೆಕ್ಟರ್, ನಿಯಂತ್ರಕ ಎಲ್ಲವೂ ಸೇರಿತು. ಚಕ್ರದ ಬೇರಿಂಗಿನಲ್ಲಿರುವ ಅಯಸ್ಕಾಂತೀಯ ಉಂಗುರಕ್ಕೆ ಕಬ್ಬಿಣದ ಪುಡಿ ಅಂಟಿದರೂ, ತುಕ್ಕು ಬೆಳೆದು ಸೆನ್ಸರನ್ನು ಮೇಲಕ್ಕೆತ್ತಿದರೂ ಸಂಕೇತ ಬರಬಹುದು. ಜಾಣ ಮೆಕ್ಯಾನಿಕ್ ಮೊದಲು ಕಾರನ್ನು ನಿಧಾನವಾಗಿ ಓಡಿಸಿ ನಾಲ್ಕೂ ಚಕ್ರಗಳ ವೇಗವನ್ನು ತೆರೆಯ ಮೇಲೆ ಏಕಕಾಲಕ್ಕೆ ನೋಡುತ್ತಾನೆ. ಒಂದು ಮಾತ್ರ ಸೊನ್ನೆಗೆ ಬಿದ್ದರೆ ಅಥವಾ ಆಗಾಗ ತಪ್ಪಿದರೆ ಆ ಚಕ್ರದತ್ತ ಹೋಗುತ್ತಾನೆ. ಅಲ್ಲಿಯೂ ಮೊದಲ ಕೆಲಸ ಕನೆಕ್ಟರ್ ಬಿಚ್ಚಿ ನೋಡುವುದು. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ನಂತರ ದೀಪ ಹೊತ್ತಿದ್ದರೆ ಸ್ಟೀರಿಂಗ್ ಕೋನದ ಸೆನ್ಸರನ್ನು ಶೂನ್ಯಕ್ಕೆ ಹೊಂದಿಸುವುದಷ್ಟೇ ಬಾಕಿಯಿರಬಹುದು.

ಇನ್ನು 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯ ಚರ್ಚೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಇದು ದುರ್ಬಲವಾದರೆ ಪರಸ್ಪರ ಸಂಬಂಧವಿಲ್ಲದ ಹಲವು ಸಂಕೇತಗಳು ಒಮ್ಮೆಲೇ ಬರುತ್ತವೆ. ಮೀಟರ್ ಹಿಡಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯುವ ಸಂಗತಿಯಿದು. ಕಿತ್ತಳೆ ಬಣ್ಣದ ಕೇಬಲ್‌ಗಳು ಮಾತ್ರ ಅಧಿಕ ವೋಲ್ಟೇಜಿನವು. ತರಬೇತಿಯಿಲ್ಲದವರು ಅವುಗಳನ್ನು ಮುಟ್ಟಕೂಡದು.

ಇಷ್ಟಾದರೂ ಗ್ಯಾರೇಜುಗಳು ಬಿಡಿಭಾಗದತ್ತಲೇ ವಾಲುವುದೇಕೆ? ಪರೀಕ್ಷೆಗೆ ತಗಲುವ ಒಂದು ಗಂಟೆಗೆ ಹಣ ಕೊಡಲು ಗ್ರಾಹಕ ಒಪ್ಪುವುದಿಲ್ಲ. ಡಬ್ಬಿಯಲ್ಲಿ ಬಂದ ವಸ್ತುವಿಗೆ ಚೌಕಾಸಿ ಮಾಡಿಯಾದರೂ ಕೊಡುತ್ತಾನೆ. ಈ ತಪ್ಪಿನಲ್ಲಿ ವರ್ತಕ ಸಮುದಾಯಕ್ಕೂ ಪಾಲಿದೆ. ಸಂಸ್ಥೆಯ ಹೆಸರಿನಲ್ಲಿರುವ ಸಾಮಾನ್ಯ ಪ್ರಯಾಣಿಕ ಕಾರಿನ ದುರಸ್ತಿಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಹುಟ್ಟುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯದು. ಎಂದರೆ ಅನಗತ್ಯ ಸೆನ್ಸರಿನ ಮೇಲಿನ ತೆರಿಗೆಯೂ ಪೂರ್ಣ ನಷ್ಟವೇ.

ಮಾಹಿತಿಯ ಅಭಾವ ಇನ್ನೊಂದು ಕಾರಣ. ಪೆಟ್ರೋಲ್, ಡೀಸೆಲ್ ವಾಹನಗಳ ಓಬಿಡಿ ವ್ಯವಸ್ಥೆಯ ಸಾಮಾನ್ಯ ನಿಯಮಗಳು ಹೊಗೆಯ ನಿಯಂತ್ರಣಕ್ಕಾಗಿ ಹುಟ್ಟಿದವು. ಹೊಗೆಯೇ ಇಲ್ಲದ ವಾಹನದಲ್ಲಿ ತಯಾರಕರ ಸ್ವಂತ ತಂತ್ರಾಂಶವೇ ಬಹುಪಾಲು ಆಧಾರ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸ್ವತಂತ್ರ ಗ್ಯಾರೇಜುಗಳಿಗೆ ದೋಷಪತ್ತೆಯ ಮಾಹಿತಿ ದೊರೆಯಬೇಕೆಂಬ ಕಾಯ್ದೆಯನ್ನು 2012ರಲ್ಲಿ ಮತದಾರರೇ ಅನುಮೋದಿಸಿದರು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದು ವಾಹನ ಕ್ಷೇತ್ರವನ್ನೂ ಸೇರಿಸಿತು. ಪೋರ್ಟಲ್ಲಿಗೂ ಶಾಸನಬದ್ಧ ಹಕ್ಕಿಗೂ ಅಂತರವಿದೆ. ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಬೇಕಾದುದು ಎರಡನೆಯದನ್ನು.

ಅಲ್ಲಿಯವರೆಗೆ ಕಾರಿನ ಮಾಲೀಕರು ಪರೀಕ್ಷಾ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕೇಳಿ ಪಾವತಿಸಬೇಕು. ಕಂಡ ಸಂಕೇತ, ಅಳೆದ ವೋಲ್ಟೇಜ್, ಚಕ್ರವಾರು ವೇಗ ಇವಿಷ್ಟನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಿಂದಿನ ಗ್ಯಾರೇಜುಗಳಲ್ಲಿ ತೆಗೆದ ಹಳೆಯ ಬಿಡಿಭಾಗವನ್ನು ಕಾಗದದಲ್ಲಿ ಸುತ್ತಿ ಮಾಲೀಕರಿಗೆ ಒಪ್ಪಿಸುವ ರೂಢಿಯಿತ್ತು. ಸೆನ್ಸರಿಗೂ ಅದು ಅನ್ವಯವಾಗಲಿ.